ಟರ್ಬೊದಿಂದ ಸೈಲೆನ್ಸರ್ ತುದಿಯವರೆಗೆ: ಎಲ್ಲಿಗೆ ಯಾವ ಲೋಹ, ಆರಿಸೋದು ಹೇಗೆ?

ನಾನು ಮಾಡಿಸಿದ ಮೊದಲ ಡೌನ್‌ಪೈಪ್ ಆರು ತಿಂಗಳಿಗೇ ಸೀಳಿತು. ಡೌನ್‌ಪೈಪ್ ಅಂದರೆ ಟರ್ಬೊ (ಹೊಗೆಯ ಬಲದಿಂದ ತಿರುಗಿ ಎಂಜಿನ್‌ಗೆ ಗಾಳಿ ಒತ್ತುವ ಯಂತ್ರ) ಬಾಯಿಂದ ಕಾರಿನ ಹೊಟ್ಟೆಯಡಿಗೆ ಇಳಿಯುವ ಪೈಪು. ಹೊರಗಿಂದ ನೋಡಿದರೆ ಇನ್ನೂ ಮುಖ ಕಾಣುವಷ್ಟು ಹೊಳಪಿತ್ತು. ಸೀಳು ಇದ್ದದ್ದು ಬೆಸುಗೆಯ ಪಕ್ಕದಲ್ಲಿ, ಕೂದಲೆಳೆಯಷ್ಟು; ಅದರ ಗುಂಟ ಮಸಿಯ ಗೆರೆ. ಬಿಚ್ಚಿ ಒಳಗೆ ಟಾರ್ಚ್ ಬಿಟ್ಟರೆ ಬೆಸುಗೆಯ ಹಿಂಬದಿ ತಳಹಿಡಿದ ಬೆಲ್ಲದ ಪಾಕದ ಹಾಗೆ ಕಪ್ಪಗೆ, ಹರಳುಗಟ್ಟಿ ಉಬ್ಬಿಕೊಂಡಿತ್ತು. 304 ಎಂಬ ಜಾತಿಯ ಸ್ಟೇನ್‌ಲೆಸ್ ಸ್ಟೀಲು ಎಂದು ಹೇಳಿ ಕೊಟ್ಟಿದ್ದ ಪೈಪು 304 ಅಲ್ಲ ಅನ್ನೋದು ಆಮೇಲೆ ತಿಳಿಯಿತು.

ಅಂಗಡಿಯವರನ್ನು ಸಾಕಷ್ಟು ಬೈದುಕೊಂಡೆ. ಆದರೆ ಕೂತು ಲೆಕ್ಕ ಹಾಕಿದಾಗ ತಪ್ಪಿನಲ್ಲಿ ಮುಕ್ಕಾಲು ಪಾಲು ನನ್ನದೇ ಇತ್ತು. ಅಸಲಿ 304 ಹಾಕಿದ್ದರೂ ಅದು ಸೀಳುತ್ತಿತ್ತು, ಸ್ವಲ್ಪ ತಡವಾಗಿ ಅಷ್ಟೇ. ಪೈಪಿಗೆ ಹಿಗ್ಗಲು ನಾನು ಜಾಗವನ್ನೇ ಬಿಟ್ಟಿರಲಿಲ್ಲ. ಎಕ್ಸಾಸ್ಟ್‌ನಲ್ಲಿ ಲೋಹ ಕರಗಿ ಸಾಯೋದು ಅಪರೂಪ. ದಿನಾ ಹಿಗ್ಗಿ ಕುಗ್ಗಿ, ಹಿಗ್ಗಿ ಕುಗ್ಗಿ ದಣಿದು ಸಾಯೋದೇ ಹೆಚ್ಚು. ತಂತಿಯನ್ನು ಅತ್ತಿತ್ತ ಬಗ್ಗಿಸಿ ಮುರಿಯುತ್ತೇವಲ್ಲ, ಹಾಗೆ. ಮುಂದಿನದನ್ನೆಲ್ಲ ಓದುವಾಗ ಇದೊಂದು ತಲೆಯಲ್ಲಿರಲಿ.

ಹೆಜ್ಜೆ 1: ನಿಮ್ಮ ಕಾರಿನ ಬಿಸಿಯ ನಕ್ಷೆ ಬರೆದುಕೊಳ್ಳಿ

ಅಂಗಡಿಗೆ ಹೋಗುವ ಮೊದಲು ಒಂದು ಹಾಳೆಯಲ್ಲಿ ಎಂಜಿನ್‌ನಿಂದ ಹಿಂದಿನ ತುದಿಯವರೆಗೆ ಒಂದು ಗೆರೆ ಎಳೆಯಿರಿ. ಎಲ್ಲೆಲ್ಲಿ ಎಷ್ಟು ಬಿಸಿ ಅಂತ ಗುರುತು ಹಾಕಿ. ಡೀಸೆಲ್ ಕಾರಿನಲ್ಲಿ ಟರ್ಬೊಗೆ ನುಗ್ಗುವ ಹೊಗೆ ಪೂರ್ತಿ ಭಾರದಲ್ಲಿ ಸುಮಾರು 750ರಿಂದ 850 ಡಿಗ್ರಿ ಸೆಲ್ಸಿಯಸ್. ಈಗಿನ ಟರ್ಬೊ ಪೆಟ್ರೋಲ್ ಎಂಜಿನ್‌ಗಳಲ್ಲಿ ಅದು 950ರಿಂದ 1050ರವರೆಗೂ ಹೋಗುತ್ತದೆ. ಟರ್ಬೈನ್ ಚಕ್ರ ಹೊಗೆಯಿಂದ ಕೆಲಸ ಕಿತ್ತುಕೊಳ್ಳುವುದರಿಂದ ಅದನ್ನು ದಾಟುವಷ್ಟರಲ್ಲಿ ಪೂರ್ತಿ ಭಾರದಲ್ಲಿ ನೂರು ಡಿಗ್ರಿಗೂ ಹೆಚ್ಚು ಇಳಿದಿರುತ್ತದೆ. ಕಾರಿನ ನಡುಭಾಗಕ್ಕೆ ಬಂದಾಗ 400ರಿಂದ 600. ಹಿಂದಿನ ಸೈಲೆನ್ಸರ್‌ನಲ್ಲಿ ಅದಕ್ಕಿಂತಲೂ ಕಡಿಮೆ, ಅಲ್ಲಿ ಬಿಸಿಗಿಂತ ನೀರಿನದೇ ಕಾಟ.

ನೀರು ಎಲ್ಲಿಂದ ಬಂತು ಅಂತೀರಾ? ಒಂದು ಲೀಟರ್ ಪೆಟ್ರೋಲ್ ಉರಿದರೆ ಹೆಚ್ಚುಕಡಿಮೆ ಒಂದು ಲೀಟರ್ ನೀರು ಹುಟ್ಟುತ್ತದೆ. ಬಿಸಿ ಪೈಪಿನಲ್ಲಿ ಅದು ಆವಿಯಾಗಿ ಹಾರಿಹೋಗುತ್ತದೆ. ಮಕ್ಕಳನ್ನು ಶಾಲೆಗೆ ಬಿಟ್ಟು ಎರಡು ಕಿಲೋಮೀಟರ್‌ಗೆ ಮನೆಗೆ ಬರುವ ಕಾರಿನಲ್ಲಿ ಅದು ಸೈಲೆನ್ಸರ್ ಡಬ್ಬಿಯ ತಳದಲ್ಲೇ ಹುಳಿ ನೀರಾಗಿ ನಿಲ್ಲುತ್ತದೆ. ಊರೊಳಗೆ ಮಾತ್ರ ಓಡುವ ಕಾರಿನ ಸೈಲೆನ್ಸರ್ ಹೆದ್ದಾರಿ ಕಾರಿನದಕ್ಕಿಂತ ಬೇಗ ತೂತು ಬೀಳುವುದು ಇದಕ್ಕೇ.

ಅಳೆಯುವ ಯಂತ್ರ ಇಲ್ಲದಿದ್ದರೆ ಸ್ಟೇನ್‌ಲೆಸ್ ಪೈಪಿನ ಬಣ್ಣವೇ ಒಂದು ಥರ್ಮಾಮೀಟರು. ಗಾಳಿಯಲ್ಲಿ ಕಾದ 304 ಸುಮಾರು 290 ಡಿಗ್ರಿಗೆ ತಿಳಿ ಹಳದಿ, 340ಕ್ಕೆ ಹುಲ್ಲಿನ ಬಣ್ಣ, 390ಕ್ಕೆ ಕಂದು, 450ಕ್ಕೆ ಗಾಢ ನೇರಳೆ, 540ಕ್ಕೆ ನೀಲಿ, 600ಕ್ಕೆ ಕಡು ನೀಲಿಗೆ ತಿರುಗುತ್ತದೆ. ಒಂದು ಎಚ್ಚರಿಕೆ: ತಿಂಗಳುಗಟ್ಟಲೆ ಕಾದ ಪೈಪಿನಲ್ಲಿ ಬಣ್ಣ ಒಂದೆರಡು ಮೆಟ್ಟಿಲು ಮುಂದೆ ಹೋಗಿರುತ್ತದೆ. ಹಾಗಾಗಿ ಹೊಸ ಪೈಪು ಹಾಕಿದ ಮೊದಲ ವಾರದ ಬಣ್ಣವನ್ನು ನಂಬಿ. ಇನ್ನು ಕತ್ತಲಲ್ಲಿ ಮಂಕು ಕೆಂಪು ಕಾಣತೊಡಗಿದರೆ 550ರ ಆಸುಪಾಸು. ನಡುಗೆಂಪು ಕಂಡರೆ 750. ಕಿತ್ತಳೆಗೆ ತಿರುಗಿದರೆ 900 ದಾಟಿದೆ. ಶಿರಾಡಿ ಘಾಟಿಯನ್ನು ರಾತ್ರಿ ತುಂಬು ಭಾರದಲ್ಲಿ ಹತ್ತಿ, ಮೇಲೆ ನಿಲ್ಲಿಸಿ ಬಾನೆಟ್ ಎತ್ತಿದರೆ ಟರ್ಬೊದ ಬಿಸಿ ಬದಿ ಕಮ್ಮಾರನ ಕುಲುಮೆಯಿಂದ ಈಗ ತೆಗೆದಂತೆ ಕಾಣಬಹುದು. ಹೆದರಬೇಡಿ, ಅದು ಹಾಗೇ ಇರಬೇಕಾದ್ದು. ಎಂಜಿನ್ ಮಾತ್ರ ತಕ್ಷಣ ಆರಿಸಬೇಡಿ; ಒಂದೆರಡು ನಿಮಿಷ ಐಡ್ಲಿಂಗ್‌ನಲ್ಲಿ ಬಿಡಿ.

ಹೆಜ್ಜೆ 2: ಬಿಸಿಯ ಜೊತೆಗೆ ಹಿಗ್ಗುವಿಕೆಯನ್ನೂ ಲೆಕ್ಕ ಹಾಕಿ

ಹಳ್ಳಿಯಲ್ಲಿ ಗಾಡಿಚಕ್ರಕ್ಕೆ ಕಬ್ಬಿಣದ ಪಟ್ಟಿ ಕೂರಿಸುವುದನ್ನು ನೋಡಿದವರಿಗೆ ಇದನ್ನು ಹೇಳಿಕೊಡಬೇಕಿಲ್ಲ. ಬೆರಣಿ ಬೆಂಕಿಯಲ್ಲಿ ಕಾಯಿಸಿದರೆ ಪಟ್ಟಿ ಹಿಗ್ಗಿ ಚಕ್ರದ ಮೇಲೆ ಸಲೀಸಾಗಿ ಕೂರುತ್ತದೆ; ನೀರು ಹುಯ್ದರೆ ಮರ ಕಿರುಗುಟ್ಟುವಷ್ಟು ಬಿಗಿಯುತ್ತದೆ. ಆ ಬಲವೇ ನಿಮ್ಮ ಪೈಪನ್ನು ಸೀಳುವುದು.

304 ಜಾತಿಯ ಸ್ಟೀಲು ಒಂದು ಮೀಟರ್ ಉದ್ದಕ್ಕೆ, ಒಂದು ಡಿಗ್ರಿ ಬಿಸಿಗೆ ಸುಮಾರು 18 ಮೈಕ್ರಾನ್ ಹಿಗ್ಗುತ್ತದೆ. ಅಯಸ್ಕಾಂತಕ್ಕೆ ಅಂಟುವ 409, 441ರಂಥ ಸ್ಟೇನ್‌ಲೆಸ್‌ಗಳದ್ದು ಸುಮಾರು 12. ಮೀಟರ್ ಉದ್ದದ ಪೈಪು 600 ಡಿಗ್ರಿ ಬಿಸಿಯೇರಿದರೆ 304 ಹತ್ತೂಮುಕ್ಕಾಲು ಮಿಲಿಮೀಟರ್ ಉದ್ದವಾಗುತ್ತದೆ, 409 ಏಳು ಚಿಲ್ಲರೆ. ನನ್ನ ಡೌನ್‌ಪೈಪ್‌ನ ಒಂದು ತುದಿ ಟರ್ಬೊಗೆ ಬಿಗಿದಿತ್ತು, ಇನ್ನೊಂದು ತುದಿ ಗೇರ್‌ಬಾಕ್ಸ್‌ನ ಗಟ್ಟಿ ಬ್ರಾಕೆಟ್‌ಗೆ. ಆ ಮಿಲಿಮೀಟರ್‌ಗಳು ಹೋಗಬೇಕಾದರೂ ಎಲ್ಲಿಗೆ? ಬೆಸುಗೆಗೇ ಹೋದವು.

ಲೋಹದ ಕೈಪಿಡಿಗಳಲ್ಲಿ ಬಹಳ ಜನ ಗಮನಿಸದ ಇನ್ನೊಂದು ಸಂಗತಿ ಇದೆ. 304 ಒಂದೇ ಸಮ ಬಿಸಿಯಲ್ಲಿದ್ದರೆ 925 ಡಿಗ್ರಿವರೆಗೆ ಸಿಪ್ಪೆ ಏಳದೆ ತಾಳುತ್ತದೆ. ಬಿಸಿ-ತಣ್ಣಗೆ ಆಗುತ್ತಿದ್ದರೆ ಮಿತಿ 870ಕ್ಕೆ ಇಳಿಯುತ್ತದೆ. 409ರದ್ದು ಉಲ್ಟಾ: ಒಂದೇ ಸಮ 705, ಬಿಸಿ-ತಣ್ಣಗಿನಲ್ಲಿ 815. ಕಾರಣ ಇಷ್ಟೇ. ಸ್ಟೇನ್‌ಲೆಸ್ ಮೇಲೆ ಅದನ್ನು ಕಾಯುವ ಕ್ರೋಮಿಯಂ ಆಕ್ಸೈಡಿನ ತೆಳು ಪೊರೆ ಇರುತ್ತದೆ, ಆ ಪೊರೆ ಲೋಹದಷ್ಟು ಹಿಗ್ಗುವುದಿಲ್ಲ. 304 ಹೆಚ್ಚು ಹಿಗ್ಗುವುದರಿಂದ ಪ್ರತಿ ಸಲ ಪೊರೆ ಬಿರಿದು ಉದುರುತ್ತದೆ, ಹೊಸದು ಬೆಳೆಯುತ್ತದೆ, ಹಾಗೆ ಬೆಳೆದಾಗಲೆಲ್ಲ ಲೋಹ ಸವೆಯುತ್ತದೆ. 409ರ ಪೊರೆ ಅಂಟಿಕೊಂಡೇ ಇರುತ್ತದೆ. ಕಾರು ದಿನಕ್ಕೆ ನಾಲ್ಕು ಸಲ ಆನ್ ಆಗಿ ಆಫ್ ಆಗುವ ಯಂತ್ರ, ಆದ್ದರಿಂದ ನಿಮಗೆ ಬೇಕಾದ್ದು ಎರಡನೇ ಅಂಕಿ. ಕಾರು ಕಂಪನಿಗಳು ಮಂಕು ಬಣ್ಣದ, ಮೇಲೆ ತುಸು ತುಕ್ಕು ಕಾಣುವ 409 ಹಾಕುವುದಕ್ಕೆ ಜಿಪುಣತನ ಒಂದೇ ಕಾರಣವಲ್ಲ.

ಹೆಜ್ಜೆ 3: ಟರ್ಬೊ ಒಳಗೆ ಯಾವುದು ಏನು ಅಂತ ತಿಳಿದುಕೊಳ್ಳಿ

ಇಲ್ಲಿ ನೀವು ಲೋಹ ಆರಿಸುವುದಿಲ್ಲ, ಆರಿಸಿದ್ದನ್ನು ಗುರುತಿಸುತ್ತೀರಿ. ರಿಪೇರಿ ಕಿಟ್, ಹೊಸ ಕಾರ್ಟ್ರಿಜ್ (ಟರ್ಬೊದ ಒಳತಿರುಳು), ಹಳೇ ಹೌಸಿಂಗ್ (ಹೊರಗೂಡು) ಕೊಳ್ಳುವಾಗ ಇದು ದುಡ್ಡು ಉಳಿಸುತ್ತದೆ.

ಮೊದಲು ಟರ್ಬೈನ್ ಚಕ್ರ, ಹೊಗೆ ಹೊಡೆಯುವ ಕಡೆಯದು. ಐದು ಸೆಂಟಿಮೀಟರ್ ಅಡ್ಡಗಲದ ಚಕ್ರ ನಿಮಿಷಕ್ಕೆ ಎರಡು ಲಕ್ಷ ಸುತ್ತು ತಿರುಗಿದರೆ ಅದರ ಅಂಚು ಸೆಕೆಂಡಿಗೆ 520 ಮೀಟರ್ ದಾಟಿ ಓಡುತ್ತದೆ. ಗಾಳಿಯಲ್ಲಿ ಶಬ್ದದ ವೇಗ ಸುಮಾರು 340 ಮೀಟರ್. ಅಂಚಿನಲ್ಲಿರುವ ಒಂದು ಗ್ರಾಂ ಲೋಹ ಒಂದು ಟನ್ ತೂಗಿಬಿಟ್ಟಷ್ಟು ಬಲದಿಂದ ಹೊರಗೆ ಎಳೆಯುತ್ತಿರುತ್ತದೆ, ಅದೂ ಲೋಹ ಕೆಂಪಗೆ ಕಾದಿರುವಾಗ. ಮಾಮೂಲಿ ಸ್ಟೀಲು ಈ ಸ್ಥಿತಿಯಲ್ಲಿ ಮಿಠಾಯಿಯ ಹಾಗೆ ಉದ್ದವಾಗುತ್ತಾ ಹೋಗಿ ಹೌಸಿಂಗ್‌ಗೆ ತಗುಲುತ್ತದೆ. ಅದಕ್ಕೇ ಬಹುಪಾಲು ಕಾರು ಟರ್ಬೊಗಳಲ್ಲಿ ಇನ್ಕೊನೆಲ್ 713ಸಿ ಎಂಬ ನಿಕ್ಕಲ್ ಮಿಶ್ರಲೋಹದ ಎರಕ. ಮುಕ್ಕಾಲು ಭಾಗಕ್ಕೆ ಹತ್ತಿರ ನಿಕ್ಕಲ್, ಹನ್ನೆರಡು-ಹದಿಮೂರು ಶೇಕಡಾ ಕ್ರೋಮಿಯಂ, ಆರು ಶೇಕಡಾ ಅಲ್ಯೂಮಿನಿಯಂ, ನಾಲ್ಕು ಮಾಲಿಬ್ಡಿನಂ. ಆ ಅಲ್ಯೂಮಿನಿಯಂ ನಿಕ್ಕಲ್ ಜೊತೆ ಸೇರಿ ಲೋಹದೊಳಗೆ ಸಣ್ಣ ಸಣ್ಣ ಗಟ್ಟಿ ಕಣಗಳನ್ನು ಕಟ್ಟುತ್ತದೆ. ಎಲ್ಲ ಲೋಹವೂ ಕಾದಷ್ಟು ಮೆತ್ತಗಾದರೆ ಈ ಕಣಗಳು ಒಂದು ಮಿತಿಯವರೆಗೆ ಕಾದಷ್ಟೂ ಗಟ್ಟಿಯಾಗುತ್ತವೆ. ಇನ್ನೂ ಬಿಸಿ ಪೆಟ್ರೋಲ್ ಎಂಜಿನ್‌ಗಳಿಗೆ ಟಂಗ್‌ಸ್ಟನ್, ಕೋಬಾಲ್ಟ್ ಸೇರಿದ ಮಾರ್-ಎಂ 247.

ಇದರ ಹಿಂದಿನ ಕಥೆ ಸ್ವಾರಸ್ಯದ್ದು. ಸ್ವಿಟ್ಜರ್ಲೆಂಡಿನ ಆಲ್ಫ್ರೆಡ್ ಬುಶಿ ಟರ್ಬೊದ ಮೂಲ ಪೇಟೆಂಟ್ ತೆಗೆದದ್ದು 1905ರಲ್ಲಿ. ಆದರೆ ಆ ಬಿಸಿಗೆ ನಿಲ್ಲುವ ಲೋಹ ಆಗ ಇರಲಿಲ್ಲ. ಎರಡನೇ ಮಹಾಯುದ್ಧದಲ್ಲಿ ಅಮೆರಿಕದ ಬಾಂಬರ್ ವಿಮಾನಗಳ ಟರ್ಬೊಗೆ ಅಲಗು ಬೇಕಾದಾಗ ಕೊನೆಗೆ ಕೈಗೆ ಸಿಕ್ಕಿದ್ದು ದಂತವೈದ್ಯರು ಹಲ್ಲಿನ ಕಟ್ಟಿಗೆ ಬಳಸುತ್ತಿದ್ದ ವೈಟಾಲಿಯಂ ಎಂಬ ಕೋಬಾಲ್ಟ್-ಕ್ರೋಮಿಯಂ ಮಿಶ್ರಲೋಹ. ಹಲ್ಲಿನ ಎರಕ ಹೊಯ್ಯುವ ಮೇಣದ ಅಚ್ಚಿನ ವಿಧಾನವೂ ಅದರೊಂದಿಗೇ ಬಂತು. ಇವತ್ತೂ ಟರ್ಬೈನ್ ಚಕ್ರ ಹೊಯ್ಯುವುದು ಮೇಣದ ಅಚ್ಚಿನಲ್ಲೇ.

ಹಗುರ ಚಕ್ರದ ಆಸೆಗೆ ನಿಸ್ಸಾನ್ 1980ರ ದಶಕದಲ್ಲಿ ಸಿಲಿಕಾನ್ ನೈಟ್ರೈಡ್ ಪಿಂಗಾಣಿ ಚಕ್ರ ತಂದಿತು. ಬೇಗ ತಿರುಗುತ್ತಿತ್ತು, ನಿಜ. ಬೂಸ್ಟ್, ಅಂದರೆ ಟರ್ಬೊ ಕೊಡುವ ಗಾಳಿಯ ಒತ್ತಡ, ಏರಿಸಿದವರ ಸ್ಕೈಲೈನ್ ಕಾರುಗಳಲ್ಲಿ ಅದು ಪಿಂಗಾಣಿ ಬಟ್ಟಲಿನಂತೆಯೇ ಚೂರಾಗುತ್ತಿತ್ತು. ಆಮೇಲೆ ಮಿತ್ಸುಬಿಷಿಯ ಲ್ಯಾನ್ಸರ್ ಎವೊಲ್ಯೂಷನ್ ಕೆಲವು ಮಾದರಿಗಳಲ್ಲಿ ಟೈಟಾನಿಯಂ ಅಲ್ಯೂಮಿನೈಡ್ ಬಂತು. ತೂಕದಲ್ಲಿ ಇನ್ಕೊನೆಲ್‌ನ ಅರ್ಧ.

ಚಕ್ರಕ್ಕೆ ಬೆಸೆದ ದಂಡ ಮಾಮೂಲಿ ಕ್ರೋಮ್-ಮಾಲಿ ಸ್ಟೀಲು, ನಮ್ಮ ಲೇತ್ ಅಂಗಡಿಗಳಲ್ಲಿ ಇಎನ್19 ಅನ್ನುವ ಜಾತಿಯದ್ದು. ನಿಕ್ಕಲ್ ಚಕ್ರ, ಸ್ಟೀಲ್ ದಂಡ, ಎರಡನ್ನೂ ಉಜ್ಜಿ ಬೆಸೆಯುತ್ತಾರೆ ಅಥವಾ ಎಲೆಕ್ಟ್ರಾನ್ ಕಿರಣದಲ್ಲಿ ಬೆಸೆಯುತ್ತಾರೆ. ದಂಡವನ್ನು ಹೊರಗೆ ತೆಗೆದಾಗ ಬೇರಿಂಗ್ ಕೂರುವ ಜಾಗ ನೀಲಿ-ಕಪ್ಪಾಗಿದ್ದರೆ ಎಣ್ಣೆ ಸಾಲದೆ ಸುಟ್ಟಿದೆ ಅಂತ ಅರ್ಥ. ಆ ದಂಡಕ್ಕೆ ಹೊಸ ಬೇರಿಂಗ್ ಹಾಕಿ ಮಾರುವವರಿದ್ದಾರೆ. ತಗೋಬೇಡಿ, ಅದರ ಗಡಸುತನ ಹೋಗಿರುತ್ತದೆ. ಬೇರಿಂಗ್‌ಗಳು ಹೆಚ್ಚಾಗಿ ಕಂಚು ಅಥವಾ ಹಿತ್ತಾಳೆಯವು, ಎಣ್ಣೆಯ ಪದರದ ಮೇಲೆ ತೇಲುವಂಥವು. ನಡುವಿನ ಗೂಡು ಬೂದು ಬೀಡು, ಅಂದರೆ ಸಾದಾ ಎರಕದ ಕಬ್ಬಿಣ. ಎಣ್ಣೆ, ಕೆಲವದರಲ್ಲಿ ನೀರೂ, ತಂಪು ಮಾಡುವುದರಿಂದ ಅಲ್ಲಿ ಅಷ್ಟು ಸಾಕು.

ತಣ್ಣನೆ ಬದಿಯ ಕಂಪ್ರೆಸರ್ ಚಕ್ರ ಅಲ್ಯೂಮಿನಿಯಂ. ಎರಕದ್ದು ಅಗ್ಗ. ಗಟ್ಟಿ ಗುಂಡಿನಿಂದ ಕೆತ್ತಿದ್ದು ಹೆಚ್ಚಾಗಿ 2618 ಎಂಬ ಮಿಶ್ರಲೋಹ; ಕಾಂಕಾರ್ಡ್ ವಿಮಾನದ ಮೈ ಕಟ್ಟಿದ್ದು ಇದೇ ಕುಲದ ಲೋಹದಿಂದ. ತಣ್ಣನೆ ಬದಿ ಅನ್ನುತ್ತೇವೆ, ಆದರೆ ಒತ್ತಿದ ಗಾಳಿ ನೂರು ಡಿಗ್ರಿ ದಾಟುವುದು ಮಾಮೂಲು. ತುಂಬಾ ಒತ್ತಡದ ದೊಡ್ಡ ಡೀಸೆಲ್‌ಗಳಲ್ಲಿ ಟೈಟಾನಿಯಂ ಚಕ್ರ ಹಾಕುವುದು ಅದಕ್ಕೇ.

ಟರ್ಬೈನ್ ಹೌಸಿಂಗ್, ಅಂದರೆ ಬಸವನಹುಳುವಿನ ಆಕಾರದ ಬಿಸಿ ಗೂಡು, ಕೊಳ್ಳುವಾಗ ಕಣ್ಣು ತೆರೆದಿರಬೇಕಾದ ಜಾಗ. ಡೀಸೆಲ್‌ನಲ್ಲಿ ಸಾಮಾನ್ಯವಾಗಿ ಎಸ್‌ಜಿ ಬೀಡಿಗೆ ನಾಲ್ಕು ಶೇಕಡಾ ಸಿಲಿಕಾನ್, ಅರ್ಧದಿಂದ ಒಂದು ಶೇಕಡಾ ಮಾಲಿಬ್ಡಿನಂ ಸೇರಿಸಿದ ಸಿಮೊ ಬೀಡು. ಅದು ಸುಮಾರು 850 ಡಿಗ್ರಿವರೆಗೆ. ಎಸ್‌ಜಿ ಬೀಡಿನಲ್ಲಿ ಗ್ರಾಫೈಟು ಚೂಪು ಹಾಳೆಗಳಾಗಿರದೆ ಗುಂಡು ಗುಂಡಾಗಿರುತ್ತದೆ, ಹಾಗಾಗಿ ಬಿರುಕು ಸುಲಭವಾಗಿ ಓಡುವುದಿಲ್ಲ. ಎಸ್‌ಜಿ ಎರಕ ನಮ್ಮ ಬೆಳಗಾವಿಯ ಫೌಂಡ್ರಿಗಳಿಗೆ ದಿನನಿತ್ಯದ ಕೆಲಸ. ಅದರ ಮೇಲಿನ ದರ್ಜೆ ಡಿ5ಎಸ್ ನಿಕ್ಕಲ್ ಬೀಡು, 35 ಶೇಕಡಾ ನಿಕ್ಕಲ್ ಇರುವಂಥದ್ದು, ಸುಮಾರು 950ರವರೆಗೆ. ಸಾವಿರ ಡಿಗ್ರಿಯ ಪೆಟ್ರೋಲ್‌ಗೆ 25 ಶೇಕಡಾ ಕ್ರೋಮಿಯಂ, 20 ಶೇಕಡಾ ನಿಕ್ಕಲ್‌ನ ಎರಕದ ಸ್ಟೇನ್‌ಲೆಸ್. ಹೊರನೋಟಕ್ಕೆ ಮೂರೂ ಒಂದೇ ಬೂದು ಬಣ್ಣ. ಡೀಸೆಲ್ ಕಾರಿನ ಹೌಸಿಂಗ್ ಅಗ್ಗಕ್ಕೆ ಸಿಕ್ಕಿತೆಂದು ಪೆಟ್ರೋಲ್ ಎಂಜಿನ್‌ಗೆ ಕೂರಿಸಬಾರದು ಅನ್ನೋದು ಇದರಿಂದಲೇ.

ಹಳೇ ಹೌಸಿಂಗ್ ನೋಡುವಾಗ ವೇಸ್ಟ್‌ಗೇಟ್ (ಹೆಚ್ಚಾದ ಹೊಗೆಯನ್ನು ಚಕ್ರಕ್ಕೆ ತಗುಲದಂತೆ ಹೊರಬಿಡುವ ಬಾಗಿಲು) ತೂತಿನ ಸುತ್ತ ಬೆರಳಾಡಿಸಿ. ಅಲ್ಲಿ ಸಣ್ಣ ಮೇಲ್ಮೈ ಬಿರುಕು ಬಹುತೇಕ ಎಲ್ಲದರಲ್ಲೂ ಇರುತ್ತದೆ. ಬಿರುಕು ಹೊರಗೋಡೆಯನ್ನು ದಾಟಿದ್ದರೆ, ಅಥವಾ ಫ್ಲಾಪ್ ಸರಿಯಾಗಿ ಮುಚ್ಚದಿದ್ದರೆ, ವಾಪಸ್ ಕೊಡಿ. ಬೀಡನ್ನು ನಿಕ್ಕಲ್ ಕಡ್ಡಿಯಲ್ಲಿ ಬೆಸೆದು ಕೊಡುತ್ತೇನೆ ಅನ್ನುವವರು ಸಿಗುತ್ತಾರೆ. ಬೆಸುಗೆಯ ಪಕ್ಕದ ಗಾಜಿನಂಥ ಪಟ್ಟಿ ಮತ್ತೆ ಬಿರಿಯುತ್ತದೆ, ಕಳಚಿದ ಚೂರು ಎರಡು ಲಕ್ಷ ಸುತ್ತಿನ ಚಕ್ರಕ್ಕೆ ಹೋಗಿ ಬಡಿಯುತ್ತದೆ. ಇದರಲ್ಲಿ ನಾನು ರಾಜಿಯಾಗುವುದಿಲ್ಲ.

ಹೆಜ್ಜೆ 4: ಮ್ಯಾನಿಫೋಲ್ಡ್ ಮತ್ತು ಪೈಪಿಗೆ ಲೋಹ ಆರಿಸಿ

ಮ್ಯಾನಿಫೋಲ್ಡ್‌ಗೆ, ಅಂದರೆ ಎಂಜಿನ್‌ನ ಹೊಗೆಯನ್ನು ಒಟ್ಟುಗೂಡಿಸಿ ಟರ್ಬೊಗೆ ತರುವ ಕವಲು ಕೊಳವೆಗೆ, ಕಂಪನಿಯ ಬೀಡಿನ ಎರಕಕ್ಕಿಂತ ಒಳ್ಳೆಯದು ಬಹಳ ಜನರಿಗೆ ಬೇಕಾಗಿಲ್ಲ. ದಪ್ಪ, ಭಾರ, ನೋಡಲು ಒರಟು, ಆದರೆ ಟರ್ಬೊದ ತೂಕವನ್ನು ಹೊತ್ತು ವರ್ಷಗಟ್ಟಲೆ ಕೂರುತ್ತದೆ. ಪೈಪು ಬಗ್ಗಿಸಿ ಮಾಡಿಸಲೇಬೇಕೆಂದರೆ ತೆಳು 304 ಬೇಡ. 321 ಅಥವಾ ದಪ್ಪ ಗೋಡೆಯ 304ಎಲ್ ಇರಲಿ, ಟರ್ಬೊದ ಭಾರ ಹೊರಲು ಬೇರೆ ಬ್ರಾಕೆಟ್ ಇರಲಿ.

304 ಮತ್ತು 321ರ ನಡುವಿನ ವ್ಯತ್ಯಾಸ ಹಿಡಿ ಟೈಟಾನಿಯಂ. 304 ಅನ್ನು 425ರಿಂದ 850 ಡಿಗ್ರಿ ನಡುವೆ ಬಹಳ ಹೊತ್ತು ಇಟ್ಟರೆ ಅದರಲ್ಲಿನ ಇಂಗಾಲ ಕ್ರೋಮಿಯಂ ಜೊತೆ ಸೇರಿ ಹರಳುಗಳ ಅಂಚಿನಲ್ಲಿ ಕೂರುತ್ತದೆ. ಅಂಚಿನ ಪಕ್ಕದಲ್ಲಿ ಕ್ರೋಮಿಯಂ ಬರಿದಾಗಿ, ಹುಳಿ ನೀರು ಅಲ್ಲಿಂದ ಒಳಹೊಕ್ಕು ಲೋಹವನ್ನು ಹರಳು ಹರಳಾಗಿ ಬಿಡಿಸುತ್ತದೆ. ಡೌನ್‌ಪೈಪ್ ತನ್ನ ಇಡೀ ಆಯಸ್ಸು ಕಳೆಯುವುದೇ ಈ ಬಿಸಿಯಲ್ಲಿ. 321ರಲ್ಲಿ ಟೈಟಾನಿಯಂ ಮೊದಲೇ ಇಂಗಾಲವನ್ನು ಕಟ್ಟಿಹಾಕಿಬಿಡುತ್ತದೆ, ಕ್ರೋಮಿಯಂ ಪಾರು. 304ಎಲ್‌ನಲ್ಲಿ ಇಂಗಾಲವೇ ಕಡಿಮೆ, 0.03 ಶೇಕಡಾ ಮೀರುವಂತಿಲ್ಲ. (ಕ್ರೋಮಿಯಂ ಅಂದಾಗ ನೆನಪಾಯಿತು: ಅದರ ಅದಿರು ಕ್ರೋಮೈಟ್ ನಮ್ಮ ಹಾಸನ ಜಿಲ್ಲೆಯ ಬೈರಾಪುರದ ನೆಲದಲ್ಲೂ ಇದೆ.)

ನನ್ನ ಆಯ್ಕೆ ಹೀಗೆ. ಟರ್ಬೊ ಪೆಟ್ರೋಲ್ ಡೌನ್‌ಪೈಪ್‌ಗೆ ದುಡ್ಡಿದ್ದರೆ 321, ಇಲ್ಲದಿದ್ದರೆ 304ಎಲ್, ಗೋಡೆ 1.5 ಮಿಲಿಮೀಟರ್‌ಗೆ ಕಡಿಮೆಯಿಲ್ಲದಂತೆ. 441 ಸಿಕ್ಕರೆ ಅದೂ ಒಳ್ಳೆಯದೇ, ಹಿಗ್ಗುವುದು ಕಡಿಮೆ. ಆದರೆ ಬಿಡಿ ಗಿರಾಕಿಗೆ ಸಿಗುವುದು ಕಷ್ಟ. ಡೀಸೆಲ್‌ಗೆ 304ಎಲ್ ಸಾಕು. ನಡುವಿನ ಪೈಪಿಗೆ 409 ಧಾರಾಳ. ಹಿಂದಿನ ಸೈಲೆನ್ಸರ್‌ಗೆ, ಅದರಲ್ಲೂ ಮಂಗಳೂರು, ಉಡುಪಿ, ಕಾರವಾರದ ಉಪ್ಪುಗಾಳಿಯಲ್ಲಿ ನಿಲ್ಲುವ ಕಾರಿಗೆ, 304. ಅಲ್ಲಿ ಬಿಸಿ ಕಡಿಮೆ, ನೀರು ಹೆಚ್ಚು. 304ರ ಹೆಚ್ಚಿನ ಕ್ರೋಮಿಯಂ, ನಿಕ್ಕಲ್ ಅಲ್ಲಿ ಕೆಲಸಕ್ಕೆ ಬರುತ್ತದೆ. ಅಲ್ಯೂಮಿನಿಯಂ ಲೇಪದ ಸ್ಟೀಲು ಅಗ್ಗಕ್ಕೆ ಅಗ್ಗ, ಬಾಳಿಕೆಯೂ ಪರವಾಗಿಲ್ಲ. ಆದರೆ ಬೆಸೆದ ಕಡೆ ಲೇಪ ಸುಟ್ಟುಹೋಗಿ ತುಕ್ಕು ಅಲ್ಲಿಂದಲೇ ಶುರುವಾಗುತ್ತದೆ. ಸಾದಾ ಎಂಎಸ್ (ಮೈಲ್ಡ್ ಸ್ಟೀಲ್) ಪೈಪು ಹಾಕುವುದಾದರೆ ಎರಡು-ಮೂರು ಮಳೆಗಾಲ ಅಂತ ಒಪ್ಪಿಕೊಂಡೇ ಹಾಕಿ. ಸತು ಲೇಪದ ಜಿಐ ಪೈಪು ಮಾತ್ರ ಯಾವ ಕಾರಣಕ್ಕೂ ಬೇಡ. ಅದರ ಸತು 419 ಡಿಗ್ರಿಗೇ ಕರಗುತ್ತದೆ. ಬೆಸೆಯುವಾಗ ಏಳುವ ಬಿಳಿ ಹೊಗೆ ಕುಡಿದ ವೆಲ್ಡರ್‌ಗೆ ರಾತ್ರಿ ಚಳಿಜ್ವರ ಗ್ಯಾರಂಟಿ. ಕರಗಿದ ಸತು ಪಕ್ಕದ ಸ್ಟೇನ್‌ಲೆಸ್‌ಗೆ ತಗುಲಿದರೆ ಅದರ ಹರಳುಗಳ ಸಂದಿಗೆ ಇಳಿದು ಅದನ್ನೂ ಬಿರಿಸುತ್ತದೆ.

ಹೊಗೆಯ ವಿಷ ಕಡಿಮೆ ಮಾಡುವ ಕ್ಯಾಟಲಿಟಿಕ್ ಕನ್ವರ್ಟರ್ ಡಬ್ಬಿಯ ಬಗ್ಗೆ ಒಂದೇ ಮಾತು: ತೆಗೆಯಬೇಡಿ. ಒಳಗಿನ ಪ್ಲಾಟಿನಂ, ಪಲಾಡಿಯಂ, ರೋಡಿಯಂ ಗುಜರಿಯವರಿಗೆ ಬೇಕು, ನಿಮ್ಮ ಊರಿನ ಗಾಳಿಗೂ ಬೇಕು. ಹೊಗೆ, ಶಬ್ದದ ಮಿತಿ ಮೀರಿದರೆ ಮೋಟಾರು ವಾಹನ ಕಾಯ್ದೆಯ 190ನೇ ಕಲಮಿನಲ್ಲಿ ದಂಡವೂ ಇದೆ.

ಹೆಜ್ಜೆ 5: ಕೊಟ್ಟದ್ದು ಹೇಳಿದ್ದೇನಾ ಅಂತ ಪರೀಕ್ಷೆ ಮಾಡಿ

ಎಲ್ಲರೂ ಮೊದಲು ಜೇಬಿನಿಂದ ತೆಗೆಯುವುದು ಅಯಸ್ಕಾಂತ. ಅಂಟಿದರೆ ಎಂಎಸ್, ಬೀಡು, ಇಲ್ಲವೇ 409, 441. ಅಂಟದಿದ್ದರೆ 304 ಅಂತ ಕುಣಿಯಬೇಡಿ. ಪಾತ್ರೆ ಅಂಗಡಿಯಲ್ಲಿ, ಗ್ರಿಲ್ ಕೆಲಸದಲ್ಲಿ ಓಡುವ 202ರಂಥ ಅಗ್ಗದ ಸ್ಟೀಲಿಗೂ ಅಯಸ್ಕಾಂತ ಅಂಟುವುದಿಲ್ಲ. ಅದರಲ್ಲಿ ನಿಕ್ಕಲ್‌ನ ಜಾಗಕ್ಕೆ ಮ್ಯಾಂಗನೀಸ್ ತುಂಬಿರುತ್ತಾರೆ. ನಾನು ಏಮಾರಿದ್ದು ಇಲ್ಲೇ. ಇನ್ನೊಂದು ಕಡೆ, ಬಗ್ಗಿಸಿದ ತಿರುವಿನಲ್ಲಿ ಅಸಲಿ 304 ಕೂಡ ಸ್ವಲ್ಪ ಅಂಟುತ್ತದೆ. ಹಾಗಾಗಿ ನೇರ ಭಾಗದಲ್ಲಿ ಹಿಡಿದು ನೋಡಿ.

ಎರಡನೆಯದು ಹನಿ ಪರೀಕ್ಷೆ. ಸ್ಟೀಲ್ ವ್ಯಾಪಾರಿಗಳ ಹತ್ತಿರ ಒಂದು ಸಣ್ಣ ಬಾಟಲಿ, ಜೊತೆಗೊಂದು ಬ್ಯಾಟರಿ ಇರುತ್ತದೆ. ಪೈಪನ್ನು ಉಜ್ಜಿ, ಹನಿ ಹಾಕಿ, ಬ್ಯಾಟರಿ ತಂತಿ ತಾಗಿಸಿದರೆ ಮ್ಯಾಂಗನೀಸ್ ಹೆಚ್ಚಿರುವ 200 ಸರಣಿಯ ಮೇಲೆ ಹನಿ ಕೆಂಪಾಗುತ್ತದೆ, 304ರ ಮೇಲೆ ಆಗುವುದಿಲ್ಲ. ಅಂಗಡಿಯಲ್ಲಿ ನಿಂತೇ ಮಾಡಿಸಿ. ಮಾಡಲ್ಲ ಅಂದರೆ ಉತ್ತರ ಸಿಕ್ಕಿತು ಅಂತ ತಿಳಿದು ಮುಂದಿನ ಅಂಗಡಿಗೆ ನಡೆಯಿರಿ.

ಮನೆಯಲ್ಲಿ ಗ್ರೈಂಡರ್ ಇದ್ದರೆ ಕಿಡಿ ನೋಡಿ, ಕನ್ನಡಕ ಹಾಕಿಕೊಂಡು. ಎಂಎಸ್ ಕಿಡಿ ಉದ್ದ, ಹುಲ್ಲಿನ ಹಳದಿ, ದೀಪಾವಳಿಯ ಸುರುಸುರುಬತ್ತಿಯಂತೆ. ಬೀಡಿನದು ಗಿಡ್ಡ, ಕೆಂಪು. 304ರದ್ದು ಕಿತ್ತಳೆ, ಕವಲು ಕಡಿಮೆ. ನಿಕ್ಕಲ್ ಮಿಶ್ರಲೋಹದ ಕಿಡಿ ಚಕ್ರ ಬಿಟ್ಟು ಹೆಚ್ಚು ದೂರ ಹೋಗುವುದೇ ಇಲ್ಲ. ಮಂಕು ಕೆಂಪು, ಸಿಡಿಯುವುದಿಲ್ಲ. ಹಾಳಾದ ಟರ್ಬೈನ್ ಚಕ್ರದ ಮೂತಿಯಲ್ಲಿ ಒಮ್ಮೆ ನೋಡಿ ಕಣ್ಣಿಗೆ ರೂಢಿ ಮಾಡಿಕೊಳ್ಳಿ.

ದುಬಾರಿ ಕೆಲಸವಾದರೆ ಪೀಣ್ಯದಂಥ ಕೈಗಾರಿಕಾ ಪ್ರದೇಶದ ಲ್ಯಾಬಿಗೆ ಬೆರಳುದ್ದದ ತುಂಡು ಕೊಡಿ. ಗನ್ ಹಿಡಿದು ಎಕ್ಸ್‌ರೇ ಹೊಡೆದು ಕ್ರೋಮಿಯಂ, ನಿಕ್ಕಲ್, ಮ್ಯಾಂಗನೀಸ್ ಎಷ್ಟಿದೆ ಅಂತ ನಿಮಿಷದಲ್ಲಿ ಹೇಳುತ್ತಾರೆ. ಆ ಗನ್ ಇಂಗಾಲವನ್ನು ಅಳೆಯಲಾರದು, ಹಾಗಾಗಿ 304 ಯಾವುದು, 304ಎಲ್ ಯಾವುದು ಅಂತ ಅದಕ್ಕೆ ತಿಳಿಯದು. ಅದು ಬೇಕಿದ್ದರೆ ಕಿಡಿ ಹೊಡೆಸಿ ನೋಡುವ ಸ್ಪೆಕ್ಟ್ರೊ ಪರೀಕ್ಷೆಯನ್ನೇ ಕೇಳಿ.

ಹೆಜ್ಜೆ 6: ಬೆಸುಗೆ ಹಾಕುವಾಗ ಪಕ್ಕದಲ್ಲಿ ನಿಂತಿರಿ

ತಳಹಿಡಿದ ಪಾಕ ಅಂದೆನಲ್ಲ, ಅದು ಆಗುವುದು ಹೀಗೆ. ಟಿಗ್ ವೆಲ್ಡಿಂಗ್‌ನಲ್ಲಿ ಹೊರಗಡೆ ಟಾರ್ಚ್‌ನಿಂದ ಆರ್ಗಾನ್ ಬಂದು ಕರಗಿದ ಲೋಹವನ್ನು ಕಾಯುತ್ತದೆ. ಪೈಪಿನ ಒಳಗಡೆ ಮಾಮೂಲಿ ಗಾಳಿ. ಕರಗಿದ ಸ್ಟೇನ್‌ಲೆಸ್ ಆ ಗಾಳಿಗೆ ಕುದಿದು ಹರಳಾಗುತ್ತದೆ. ಹರಳಿನ ಸಂದಿಸಂದಿಯೂ ಒಂದೊಂದು ಬಿರುಕಿನ ಬೀಜ. ತಪ್ಪಿಸಲು ಪೈಪಿನ ಎರಡೂ ತುದಿಯನ್ನು ಅಲ್ಯೂಮಿನಿಯಂ ಟೇಪಿನಿಂದ ಮುಚ್ಚಿ, ಒಂದು ಕಡೆಯಿಂದ ಆರ್ಗಾನ್ ಬಿಟ್ಟು, ಇನ್ನೊಂದು ಕಡೆ ಸೂಜಿ ತೂತು ಮಾಡಿ. ಒಳಗಿನ ಗಾಳಿ ಹೊರಹೋಗುವವರೆಗೆ ಕಾದು ಆಮೇಲೆ ಚಾಪ (ವೆಲ್ಡಿಂಗ್ ಆರ್ಕ್) ಹಚ್ಚಿ. ವೆಲ್ಡರ್ 'ಏನೂ ಆಗಲ್ಲ ಸಾರ್, ಗ್ಯಾಸ್ ದಂಡ' ಅನ್ನುತ್ತಾರೆ. ಗ್ಯಾಸಿನ ದುಡ್ಡು ಬೇರೆ ಕೊಡುತ್ತೇನೆ ಅನ್ನಿ.

ಬೆಸುಗೆಗೆ ಬಳಸುವ ಕಡ್ಡಿ: 304ಕ್ಕೆ 308ಎಲ್, 321ಕ್ಕೆ 347, ಸ್ಟೇನ್‌ಲೆಸ್‌ನ್ನು ಎಂಎಸ್‌ಗೆ ಸೇರಿಸಲು 309ಎಲ್. ಎಂಎಸ್ ಉಜ್ಜಿದ ತಂತಿ ಬ್ರಷ್ಷನ್ನು ಸ್ಟೇನ್‌ಲೆಸ್ ಮೇಲೆ ಆಡಿಸಿದರೆ ಕಬ್ಬಿಣದ ಪುಡಿ ಹತ್ತಿ ಒಂದೇ ವಾರಕ್ಕೆ ತುಕ್ಕಿನ ಚುಕ್ಕೆ ಏಳುತ್ತದೆ. ಬ್ರಷ್ ಬೇರೆಯೇ ಇರಲಿ. ಪೈಪಿನ ಜಿಡ್ಡು ತೆಗೆಯಲು ಕ್ಲೋರಿನ್ ಇರುವ ಬ್ರೇಕ್ ಕ್ಲೀನರ್ ಬಳಸಲೇಬೇಡಿ. ಚಾಪದ ಕಿರಣ ಅದರ ಆವಿಯನ್ನು ಫಾಸ್ಜೀನ್ ಎಂಬ ವಿಷಾನಿಲವಾಗಿ ಮಾಡುತ್ತದೆ, ಅದು ಜೀವ ತೆಗೆಯುತ್ತದೆ. ಸ್ಟೇನ್‌ಲೆಸ್ ಹೊಗೆಯಲ್ಲಿ ಕ್ಯಾನ್ಸರ್ ತರುವ ಕ್ರೋಮಿಯಂ ಕೂಡ ಇರುವುದರಿಂದ ಬಾಗಿಲು ತೆರೆದಿರಲಿ, ಮಾಸ್ಕ್ ಇರಲಿ.

ಹೆಜ್ಜೆ 7: ಹಿಗ್ಗಲು ಜಾಗ ಬಿಡಿ

ಡೌನ್‌ಪೈಪ್ ಮುಗಿಯುವ ಕಡೆ ಹೆಣೆದ ತಂತಿ ಹೊದಿಕೆಯ ಫ್ಲೆಕ್ಸ್ ಪೈಪು ಬೇಕೇಬೇಕು. ಎಂಜಿನ್ ಅಡ್ಡ ಕೂತಿರುವ ಕಾರಿನಲ್ಲಂತೂ ಪ್ರತಿ ಸಲ ಕ್ಲಚ್ ಬಿಟ್ಟಾಗಲೂ ಎಂಜಿನ್ ತೂಗುತ್ತದೆ. ಅಲ್ಲಿಂದ ಹಿಂದಕ್ಕೆ ರಬ್ಬರ್ ಹ್ಯಾಂಗರ್ ಮಾತ್ರ. ಗಟ್ಟಿ ಬ್ರಾಕೆಟ್ ಹಾಕಲೇಬೇಕಾದರೆ ಅದು ಫ್ಲೆಕ್ಸ್‌ಗಿಂತ ಮುಂದೆ, ಎಂಜಿನ್‌ನ ಮೈಗೇ ಇರಲಿ. ಆಗ ಎರಡೂ ಒಟ್ಟಿಗೆ ಅಲುಗುತ್ತವೆ.

ಮ್ಯಾನಿಫೋಲ್ಡನ್ನು ಎಂಜಿನ್ ಹೆಡ್‌ಗೆ ಬಿಗಿಯುವ ಪ್ಲೇಟಿನ, ಅಂದರೆ ಫ್ಲ್ಯಾಂಜಿನ, ಲೆಕ್ಕವೂ ಇದೇ. 400 ಮಿಲಿಮೀಟರ್ ಉದ್ದದ 304 ಪ್ಲೇಟು 400 ಡಿಗ್ರಿ ಬಿಸಿಯಾದರೆ, ಅದು ಕೂತಿರುವ ತಂಪು ಅಲ್ಯೂಮಿನಿಯಂ ಹೆಡ್‌ಗಿಂತ ಎರಡು ಮಿಲಿಮೀಟರ್ ಹೆಚ್ಚು ಉದ್ದವಾಗಲು ನೋಡುತ್ತದೆ. ನಡುವಿನ ಬೋಲ್ಟ್ ತೂತನ್ನು ಮಾತ್ರ ಅಳತೆಗೆ ಸರಿಯಾಗಿ ಕೊರೆದು ಅಂಚಿನವನ್ನು ಮೊಟ್ಟೆಯಾಕಾರ ಮಾಡಿ. ಇಲ್ಲದಿದ್ದರೆ ಮೂಲೆಯ ಸ್ಟಡ್ಡು ತುಂಡಾಗುತ್ತದೆ. ಮುರಿದ ಸ್ಟಡ್ ಹೆಡ್‌ನಿಂದ ತೆಗೆಯುವ ಖರ್ಚು ಗೊತ್ತಿದ್ದವರು ಈ ತೂತಿನ ಮೇಲೆ ಹತ್ತು ನಿಮಿಷ ಹೆಚ್ಚು ಕಳೆಯುತ್ತಾರೆ.

ಬೋಲ್ಟು, ನಟ್ಟಿನಲ್ಲಿ ಚೌಕಾಸಿ ಬೇಡ. ಬಿಳಿ ಸತು ಲೇಪದ ಹಾರ್ಡ್‌ವೇರ್ ಅಂಗಡಿ ಬೋಲ್ಟು ಟರ್ಬೊ ಹತ್ತಿರ ಸುಳಿಯಬಾರದು. ಮಾಮೂಲಿ ಸ್ಟೇನ್‌ಲೆಸ್ ಬೋಲ್ಟಿಗೆ ಸ್ಟೇನ್‌ಲೆಸ್ ನಟ್ ಹಾಕಿದರೆ ತಿರುಪಿನ ಮರೆಗಳು (ಥ್ರೆಡ್) ಪರಸ್ಪರ ಕಚ್ಚಿಕೊಂಡು ಬಿಚ್ಚುವಾಗ ಗರಗಸವೇ ಗತಿ. ಕಂಪನಿಯ ಶಾಖ ತಾಳುವ ಸ್ಟಡ್, ತಾಮ್ರ ಲೇಪದ ಲಾಕ್ ನಟ್, ಮರೆಗೆ ಕಚ್ಚಿಕೊಳ್ಳದಂತೆ ಸವರುವ ನಿಕ್ಕಲ್ ಆಂಟಿಸೀಜ್. ಬಜೆಟ್ ಇದ್ದರೆ ಎ286 ಎಂಬ ಶಾಖ ತಾಳುವ ಮಿಶ್ರಲೋಹದ ಸ್ಟಡ್. ಗ್ಯಾಸ್ಕೆಟ್ ಪದರ ಪದರದ ಸ್ಟೀಲಿನದು ಇರಲಿ.

ಹೀಟ್ ರ‍್ಯಾಪ್ (ಬಿಸಿ ತಡೆಯಲು ಪೈಪಿಗೆ ಸುತ್ತುವ ಪಟ್ಟಿ) ಸುತ್ತುವ ಮುನ್ನ ಯೋಚಿಸಿ. ಹೊರಗೆ ಹೋಗದ ಬಿಸಿ ಪೈಪಿನ ಗೋಡೆಯಲ್ಲೇ ಉಳಿಯುತ್ತದೆ. 304 ತನ್ನ 870ರ ಮಿತಿಗೆ ಹತ್ತಿರ ಹೋಗುತ್ತದೆ. ಮಳೆಗಾಲದಲ್ಲಿ ಒದ್ದೆ ಗೋಣಿಚೀಲದಂತೆ ನೀರು ಹಿಡಿದು ಒಳಗೊಳಗೇ ತಿನ್ನಿಸುತ್ತದೆ. ವೈರು, ಹೋಸುಗಳನ್ನು ಕಾಯಬೇಕಾದರೆ ಪೈಪಿನಿಂದ ಬೆರಳಗಲ ದೂರದಲ್ಲಿ ತಗಡಿನ ಮರೆ ಕಟ್ಟುವುದೇ ವಾಸಿ.

ಹೆಜ್ಜೆ 8: ಮೊದಲ ವಾರ

ಎಲ್ಲ ಜೋಡಿಸುವಾಗ ಮೊದಲು ಎಲ್ಲ ಬೋಲ್ಟನ್ನೂ ಕೈಬಿಗಿ ಮಾಡಿ, ಪೈಪು ತಾನಾಗಿ ಎಲ್ಲಿ ಕೂರುತ್ತದೆ ನೋಡಿ, ಆಮೇಲೆ ಟರ್ಬೊ ಕಡೆಯಿಂದ ಹಿಂದಕ್ಕೆ ಬಿಗಿಯುತ್ತಾ ಬನ್ನಿ. ಎಳೆದು ತಂದು ಬೋಲ್ಟ್ ಹಾಕುವಂತಾದರೆ ಅಳತೆ ತಪ್ಪಿದೆ. ಬೆಸುಗೆ ಕತ್ತರಿಸಿ ಮತ್ತೆ ಹಾಕಿಸಿ. ಎಂಜಿನ್ ಶುರು ಮಾಡಿ ಇಪ್ಪತ್ತು ನಿಮಿಷ ಓಡಿಸಿ, ಪೂರ್ತಿ ತಣ್ಣಗಾಗಲು ಬಿಟ್ಟು, ಕಂಪನಿ ಹೇಳಿದ ಟಾರ್ಕ್‌ಗೆ ಮತ್ತೊಮ್ಮೆ ನೋಡಿ. ನೂರು ಕಿಲೋಮೀಟರ್‌ಗೆ ಇನ್ನೊಮ್ಮೆ. ಬೆಳಿಗ್ಗೆ ತಣ್ಣನೆ ಎಂಜಿನ್ ಶುರು ಮಾಡಿದ ಕೂಡಲೇ ಟಿಕ್ ಟಿಕ್ ಅಂದು ಬಿಸಿಯಾದ ಮೇಲೆ ನಿಂತರೆ ಎಲ್ಲೋ ಸಂದಿ ಬಿಟ್ಟಿದೆ. ಅದು ಬಿಸಿಗೆ ಹಿಗ್ಗಿ ಮುಚ್ಚಿಕೊಳ್ಳುತ್ತಿದೆ.

ಎರಡನೇ ಡೌನ್‌ಪೈಪ್ ಹಾಕಿದ ವಾರ ನಾನು ಸೀಮೆಸುಣ್ಣದಲ್ಲಿ ಪೈಪಿನ ಮೇಲೂ ಪಕ್ಕದ ಕ್ರಾಸ್‌ಮೆಂಬರ್ (ಕಾರಿನ ಅಡಿಯ ಅಡ್ಡತೊಲೆ) ಮೇಲೂ ಒಂದೇ ನೇರಕ್ಕೆ ಗೆರೆ ಹಾಕಿದ್ದೆ. ಹೆದ್ದಾರಿಯಲ್ಲಿ ಅರ್ಧ ಗಂಟೆ ಓಡಿಸಿ ಬಂದು ಬಗ್ಗಿ ನೋಡಿದರೆ ಪೈಪಿನ ಗೆರೆ ಹಿಂದಕ್ಕೆ ಸರಿದು ನಿಂತಿತ್ತು, ಕಿರುಬೆರಳ ಅಗಲದಷ್ಟು. ಎಂಜಿನ್ ಆರಿಸಿ ಕೂತೆ. ಪೈಪು ಟಿಣ್ ಟಿಣ್ ಅನ್ನುತ್ತಾ ಆರತೊಡಗಿತು. ಮುಕ್ಕಾಲು ಗಂಟೆಯ ಮೇಲೆ ಎರಡೂ ಗೆರೆ ಮತ್ತೆ ಒಂದೇ ನೇರಕ್ಕೆ ಬಂದಿದ್ದವು.